ಏಳನೇ ತುಣುಕಿನ ಆರು ಏಟು

ಮೊದಲ ದಿನ ನಾವು ಒಂದು ಬೂದುಗುಂಬಳಕಾಯಿಯನ್ನು ಕ್ರಿಕೆಟ್ ಬ್ಯಾಟಿನಿಂದ ಹೊಡೆದು ಒಡೆದೆವು. ಸದ್ದು ತಲೆಬುರುಡೆಯ ಹಾಗೆ ಕೇಳಿಸಲಿಲ್ಲ, ಬೂದುಗುಂಬಳಕಾಯಿಯ ಹಾಗೇ ಕೇಳಿಸಿತು. ಎರಡನೆಯದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ಹೊಡೆದಾಗ ಸ್ಟುಡಿಯೋದ ಸೌಂಡ್ ಎಂಜಿನಿಯರ್ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದ. ಅವನು ಬೆಳಿಗ್ಗೆಯೇ ಸಾರಕ್ಕಿ ಮಾರ್ಕೆಟ್ಟಿನಿಂದ ಆರು ಕಾಯಿ ತಂದಿದ್ದ. ಮನೆಯಲ್ಲಿ ಏನು ವಿಶೇಷ ಅಂತ ತರಕಾರಿಯವಳು ಕೇಳಿದ್ದಕ್ಕೆ, ಒಂದಷ್ಟು ಜನರ ತಲೆ ಒಡೆಯೋದಿದೆ ಅಂದು ಬಂದಿದ್ದನಂತೆ.

ಕೆಲಸ ಇಷ್ಟು. ಇಂಗ್ಲೆಂಡಿನ ಟಿವಿಯಲ್ಲಿ ಹಿಂದೆ ಬಂದಿದ್ದ ಹನ್ನೆರಡು ಹಾಸ್ಯ ತುಣುಕುಗಳಿಗೆ ಹದಿನೆಂಟು ದಿನದಲ್ಲಿ ಕನ್ನಡದ ದನಿ ಕೂಡಿಸಬೇಕು. ಒಂದೊಂದೂ ಮೂರು ನಾಲ್ಕು ನಿಮಿಷದ್ದು. ಎಲ್ಲವೂ ಅಲ್ಲಿನ ಶ್ರೀಮಂತರ ಖಾಸಗಿ ಬೋರ್ಡಿಂಗ್ ಶಾಲೆಗಳನ್ನು ಗೇಲಿ ಮಾಡುವಂಥವು. ನಲವತ್ತು ದಾಟಿದ ಗಂಡಸರು ಚಡ್ಡಿ, ಟೈ ಹಾಕಿಕೊಂಡು ಹುಡುಗರಾಗಿ ನಟಿಸಿದ್ದರು. ಮೊಬೈಲಿನಲ್ಲಿ ತೋರಿಸಲು ಒಂದು ಕಂಪನಿ ಅವನ್ನು ತೆಗೆದುಕೊಂಡಿತ್ತು. ಕನ್ನಡದ ಮಾತು ಬರೆಯುವುದೂ ದನಿ ಮಾಡಿಸುವುದೂ ನನ್ನ ಪಾಲಿಗೆ ಬಂತು. ಸ್ಟುಡಿಯೋ ಇದ್ದದ್ದು ಜೆ.ಪಿ. ನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ. ಮೇಲಿನ ಮನೆಯವರ ಕುಕ್ಕರ್ ಮೂರು ಸಲ ಕೂಗಿ ಮುಗಿಯುವ ತನಕ ನಾವು ಬೆಳಗಿನ ರೆಕಾರ್ಡಿಂಗ್ ಶುರು ಮಾಡುತ್ತಿರಲಿಲ್ಲ.

ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಮಾತು ಒಂದು ಟ್ರ್ಯಾಕಿನಲ್ಲಿ, ಉಳಿದ ಸದ್ದೆಲ್ಲ ಇನ್ನೊಂದರಲ್ಲಿ ಬರುತ್ತವೆ. ಇಂಗ್ಲಿಷ್ ತೆಗೆದು ಕನ್ನಡ ಕೂರಿಸಿದರೆ ಮುಗಿಯಿತು. ಈ ಸಲ ಹಾಗೆ ಬರಲಿಲ್ಲ. ಹಳೆಯ ಟೇಪಿನಲ್ಲಿ ಮಾತು, ಏಟು, ಜನರ ನಗು ಮೂರೂ ಒಂದಕ್ಕೊಂದು ಅಂಟಿಕೊಂಡಿದ್ದವು. ಮಾತು ತೆಗೆದರೆ ಏಟೂ ಹೋಗುತ್ತಿತ್ತು, ನಗುವೂ ಹೋಗುತ್ತಿತ್ತು. ಅಂದರೆ ಹೊಸದಾಗಿ ಹೊಡೆಯಬೇಕು, ಹೊಸದಾಗಿ ನಗಿಸಬೇಕು.

ಕೂತು ಏಟುಗಳ ಪಟ್ಟಿ ಮಾಡಿದೆ. ಹೆಡ್‌ಮಾಸ್ಟರನ ಬೆತ್ತ, ಬೆರಳ ಗೆಣ್ಣಿಗೆ ಬೀಳುವ ಸ್ಕೇಲು, ಒದ್ದೆ ಟವೆಲ್ಲಿನ ಬೀಸು, ಮುಖಕ್ಕೆ ಬಂದು ಬಡಿಯುವ ಡಿಕ್ಷನರಿ, ಬಾಗಿಲ ಸಂದಿಗೆ ಸಿಕ್ಕ ಕೈ. ಹನ್ನೆರಡರಲ್ಲಿ ಏಟಿಲ್ಲದ್ದು ಒಂದೇ ಒಂದು. ಅದರಲ್ಲೂ ಕೊನೆಗೆ ಒಬ್ಬನನ್ನು ಕಿಟಕಿಯಿಂದ ನೂಕುತ್ತಾರೆ. ಗೇಲಿಯೆಲ್ಲ ಇದ್ದದ್ದು ಹೊಡೆಯುವವರ ಮೇಲೆ. ಹೀಗೆ ಹೊಡೆಸಿಕೊಂಡು, ಹೊಡೆದು ಬೆಳೆದವರೇ ಮುಂದೆ ದೇಶ ಆಳುತ್ತಾರೆ, ಆಳುವಾಗಲೂ ಅದೇ ಚಡ್ಡಿ ಹುಡುಗರಾಗಿರುತ್ತಾರೆ ಅನ್ನುವುದು ಅದರ ಸಾರ. ಮೊದಲ ಸಲ ನೋಡಿದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ.

ಎಂಜಿನಿಯರ್‌ಗೆ ಸದ್ದಿನ ಹುಚ್ಚು. ಗೋಣಿಚೀಲಕ್ಕೆ ಮರಳು ತುಂಬಿ ನೀರು ಚಿಮುಕಿಸಿ ಬೆನ್ನು ಮಾಡಿದ. ನುಗ್ಗೆಕಾಯಿ ಮುರಿದು ಬೆರಳು ಮುರಿದ. ನಾಗರಬೆತ್ತಕ್ಕಾಗಿ ಎರಡು ದಿನ ಅಲೆದು, ಕೊನೆಗೆ ಗೊಟ್ಟಿಗೆರೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವವನ ಹತ್ತಿರ ಮೂರಡಿ ತುಂಡು ಕೇಳಿ ತಂದ. ಅದನ್ನು ನನ್ನ ಕೈಗೆ ಕೊಟ್ಟು, "ಇದು ನಿಮಗೇ ಸೂಟ್ ಆಗೋದು ಮೇಡಂ" ಅಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗಾಳಿಯಲ್ಲಿ ಒಮ್ಮೆ ಬೀಸಿದೆ. ಸುಯ್ಯೆಂದಿತು. ಅವನು ಅದನ್ನೂ ರೆಕಾರ್ಡ್ ಮಾಡಿಕೊಂಡ. ನಾನು ಹಿಂದೆ ನಾಲ್ಕು ವರ್ಷ ಟೀಚರಾಗಿದ್ದೆ ಅಂತ ಅವನಿಗೆ ಗೊತ್ತಿತ್ತು. ಎಂಥ ಟೀಚರ್ ಅನ್ನುವುದು ಗೊತ್ತಿರಲಿಲ್ಲ.

ಮುಖ್ಯ ದನಿಗಳು ಎರಡು. ಹೆಡ್‌ಮಾಸ್ಟರನ ದನಿಗೆ ಜಯನಗರದ ಒಬ್ಬ ರಂಗನಟನನ್ನು ಕರೆದಿದ್ದೆ. ಹುಟ್ಟಿ ಬೆಳೆದದ್ದೆಲ್ಲ ಫೋರ್ತ್ ಬ್ಲಾಕ್‌ನಲ್ಲೇ, ಓದಿದ್ದು ದೊಡ್ಡ ಖಾಸಗಿ ಶಾಲೆಯಲ್ಲಿ. ಗಂಟಲು ಒಳ್ಳೆಯದು, ಅದು ಅವನಿಗೂ ಗೊತ್ತು. ಇನ್ನೊಂದು, ಆ ಶ್ರೀಮಂತರ ಶಾಲೆಗೆ ಸ್ಕಾಲರ್‌ಶಿಪ್ಪಿನ ಮೇಲೆ ಬಂದು ಎಲ್ಲರ ಕೈಲೂ ಏಟು ತಿನ್ನುವ ಬಡ ಹುಡುಗನ ದನಿ. ಅದಕ್ಕೆ ವಿಜಯಪುರ ಕಡೆಯ ಒಬ್ಬ ಸಿಕ್ಕಿದ. ಮೂವತ್ತರ ಹತ್ತಿರದ ವಯಸ್ಸು, ಬಿಟಿಎಂನಲ್ಲಿ ಇಬ್ಬರು ಗೆಳೆಯರ ಜೊತೆ ರೂಮು, ಆಫೀಸೊಂದರಲ್ಲಿ ಗಿರಾಕಿಗಳ ಫೋನ್ ತೆಗೆಯುವ ಕೆಲಸ. ದಿನವಿಡೀ ಬೈಸಿಕೊಂಡೂ ದನಿ ಏರಿಸದ ಅಭ್ಯಾಸ ಅವನಿಗೆ ಅಲ್ಲಿಯೇ ಬಂದಿರಬೇಕು. ಡಬ್ಬಿಂಗ್ ಇದೇ ಮೊದಲು.

ನನ್ನ ತಪ್ಪು ಬರೆಯುವಾಗಲೇ ಆಗಿತ್ತು. ಮೂಲದಲ್ಲಿ ಬಡ ಹುಡುಗ ಲಂಡನ್ನಿನ ಕೂಲಿಯವರ ಕೇರಿಯ ಇಂಗ್ಲಿಷ್ ಆಡುತ್ತಾನೆ. ಅದಕ್ಕೆ ಕನ್ನಡದಲ್ಲಿ ಏನು ಮಾಡುವುದು ಅಂತ ನಾನು ಐದು ನಿಮಿಷವೂ ಯೋಚಿಸಲಿಲ್ಲ. ಉತ್ತರ ಕರ್ನಾಟಕದ ಮಾತು ಬರೆದೆ, ಅದೂ ನಮ್ಮ ಸಿನಿಮಾ ಕಾಮಿಡಿಯಲ್ಲಿ ಬರುವಂಥದ್ದನ್ನು, ಮಾತಿಗೊಂದು ರೀ, ಸಾಲಿಗೊಂದು ಯಪ್ಪಾ. ಬೆಂಗಳೂರಿನಲ್ಲಿ ಅದನ್ನು ಕೇಳಿದರೆ ಜನ ನಕ್ಕೇ ನಗುತ್ತಾರೆ ಅನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. ಹೆಡ್‌ಮಾಸ್ಟರನಿಗೆ ಮಾತ್ರ ಪುಸ್ತಕದ ಗಂಭೀರ ಕನ್ನಡ ಕೊಟ್ಟೆ. ವಿಜಯಪುರದವನು ಹಾಳೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಮೈಕಿನ ಮುಂದೆ ಹೋಗಿ ನಿಂತ.

ಆರು ತುಣುಕು ಹಾಗೂ ಹೀಗೂ ಮುಗಿದವು. ಅವನಿಗೆ ಮಾತು ಬರುತ್ತಿತ್ತು, ಏಟು ಬರುತ್ತಿರಲಿಲ್ಲ. ತೆರೆಯ ಮೇಲೆ ಬೆತ್ತ ಬಿದ್ದ ಮೇಲೆ ಅರೆಗಳಿಗೆ ತಡವಾಗಿ ಇವನ ನರಳಾಟ ಬರುತ್ತಿತ್ತು. ನಮ್ಮ ಕೆಲಸದಲ್ಲಿ ಇದಕ್ಕೊಂದು ರೂಢಿ ಇದೆ. ದನಿ ಕೊಡುವವರು ತಮ್ಮ ಎದೆಗೆ ತಾವೇ ಗುದ್ದಿಕೊಳ್ಳುತ್ತಾರೆ, ಇಲ್ಲವೇ ಹಿಂದೆ ಒಬ್ಬರು ನಿಂತು ಸರಿಯಾದ ಹೊತ್ತಿಗೆ ಬೆನ್ನಿಗೆ ಒಂದು ಗುದ್ದು ಕೊಡುತ್ತಾರೆ. ನಾನೂ ಹಾಗೆ ಗುದ್ದಿಸಿಕೊಂಡು ಕಲಿತವಳೇ. ಎಂಜಿನಿಯರ್ ಗುದ್ದಿ ನೋಡಿದ. ಅವನದು ಹೂವಿನಂಥ ಕೈ, ಪ್ರಯೋಜನವಾಗಲಿಲ್ಲ.

ಒಂಬತ್ತನೇ ದಿನ ಏಳನೇ ತುಣುಕು. ಅದರಲ್ಲಿ ಒಂದು ಮರದ ಹಲಗೆ ಬರುತ್ತದೆ. ಆ ಶಾಲೆಯಲ್ಲಿ ಯಾರಾದರೂ ಕೇರಿಯ ಮಾತಾಡಿದರೆ ಅವರ ಕೊರಳಿಗೆ ಹಲಗೆ ಹಾಕುತ್ತಾರೆ. ಹಾಗೆ ಮಾತಾಡುವ ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಮಾತ್ರ ಅದನ್ನು ಅವನಿಗೆ ದಾಟಿಸಬಹುದು. ಸಂಜೆ ಗಂಟೆ ಹೊಡೆದಾಗ ಹಲಗೆ ಯಾರ ಕೊರಳಲ್ಲಿರುತ್ತದೋ ಅವರಿಗೆ ಆರು ಏಟು, ಪ್ರತಿ ಏಟಿಗೂ ಥ್ಯಾಂಕ್ಯೂ ಹೇಳಬೇಕು. ಬಡ ಹುಡುಗ ಯಾರನ್ನೂ ಹಿಡಿದುಕೊಡುವುದಿಲ್ಲ, ದಿನವೂ ತಾನೇ ತಿನ್ನುತ್ತಾನೆ. ಕೊನೆಗೆ ಹೆಡ್‌ಮಾಸ್ಟರನೇ ಸಿಟ್ಟಿನಲ್ಲಿ ಕೇರಿಯ ಮಾತಾಡಿಬಿಡುತ್ತಾನೆ.

ಬರೆಯಲು ಕೂತ ದಿನ ಈ ತುಣುಕನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಹೋಗಿ ಕಾಫಿ ಕುಡಿದು ಬಂದಿದ್ದೆ. ಯಾಕೆಂದರೆ ನಾನು ಕೆಲಸ ಮಾಡಿದ್ದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೂ ಒಂದು ಹಲಗೆ ಇತ್ತು. ಅಂಗೈಯಗಲದ್ದು, ಕೆಂಪು ದಾರ ಪೋಣಿಸಿದ್ದು. ಅಲ್ಲಿ ಕನ್ನಡ ಮಾತಾಡಿದ ಮಕ್ಕಳ ಕೊರಳಿಗೆ ಅದು ಬೀಳುತ್ತಿತ್ತು. ಸಂಜೆ ಮೂರೂವರೆಗೆ ಅದನ್ನು ಹಾಕಿಕೊಂಡವರನ್ನು ಸ್ಟಾಫ್ ರೂಮಿಗೆ ಕಳಿಸುತ್ತಿದ್ದರು, ಅಲ್ಲಿ ಹೊಡೆಯುವ ಕೆಲಸ ನನ್ನದಾಗಿತ್ತು. ನಾನು ಆ ಶಾಲೆಯ ಕನ್ನಡ ಟೀಚರ್. ನಿಮ್ಮ ಭಾಷೆಯ ತೊಂದರೆ, ನೀವೇ ನೋಡಿಕೊಳ್ಳಿ ಅಂದಿದ್ದರು ಪ್ರಿನ್ಸಿಪಾಲರು. ನಾನು ನೋಡಿಕೊಂಡೆ. ಮೊದಮೊದಲು ಮನಸ್ಸಿಲ್ಲದೆ, ಆಮೇಲೆ ಚೆನ್ನಾಗಿಯೇ.

ರೆಕಾರ್ಡಿಂಗಿಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿದೆ. ನಾನು ವಿಜಯಪುರದವನ ಹಿಂದೆ ಬೆತ್ತ ಹಿಡಿದು ನಿಂತೆ. ಮೊದಲು ಪಕ್ಕದ ಗೋಣಿಚೀಲಕ್ಕೆ ಹೊಡೆದೆ. ಅವನು ಬೆತ್ತದ ಗಾಳಿ ಕೇಳಿಯೇ ಮೊದಲೇ ಬೆಚ್ಚುತ್ತಿದ್ದ. ಬೆನ್ನಿಗೆ ದಪ್ಪನೆಯ ಬೆಡ್‌ಶೀಟ್ ಮಡಚಿ ಹಾಕಿ ಅದರ ಮೇಲೆ ಹೊಡೆದೆ. ಆಗ ಸದ್ದೂ ಸತ್ತಿತು, ಅವನ ದನಿಯೂ ಸತ್ತಿತು. ಹನ್ನೊಂದು ಟೇಕ್ ಆದ ಮೇಲೆ ಜಯನಗರದವನು ಗಡಿಯಾರ ನೋಡಿಕೊಂಡ. ವಿಜಯಪುರದವನಿಗೆ ಅವಮಾನವಾಗಿರಬೇಕು, ತಾನೇ ಬೆಡ್‌ಶೀಟ್ ತೆಗೆದು ಕುರ್ಚಿಯ ಮೇಲಿಟ್ಟ.

"ಹಂಗs ಹೊಡೀರಿ ಮೇಡಂ. ನನಗೇನೂ ಆಗೂದಿಲ್ಲ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಚಿತ್ರ ಓಡತೊಡಗಿತು. ಮೊದಲ ಮೂರು ಏಟನ್ನು ಅಳೆದು ಹಾಕಿದೆ, ಮೂರಕ್ಕೂ ಅವನ ದನಿ ಸರಿಯಾದ ಹೊತ್ತಿಗೆ ಬಂತು, ಮೂರಕ್ಕೂ ಥ್ಯಾಂಕ್ಯೂ ಸಾರ್ ಅಂದ. ನಾಲ್ಕನೆಯದಕ್ಕೆ ನನ್ನ ಮಣಿಕಟ್ಟು ತಿರುಗಿತು. ಬೆತ್ತದ ಏಟಿನಲ್ಲಿ ತೋಳಿನ ಬಲ ಮುಖ್ಯವಲ್ಲ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಒಳಕ್ಕೆ ತಿರುವಬೇಕು, ಆಗ ತುದಿ ಸುತ್ತಿಕೊಂಡು ಬೀಳುತ್ತದೆ. ನಾಲ್ಕು ವರ್ಷ ಮಾಡಿದ್ದ ಕೆಲಸ, ಕೈ ಮರೆತಿರಲಿಲ್ಲ. ಅವನಿಂದ ಒಂದು ಕೂಗು ಬಂತು. ಹಾಳೆಯಲ್ಲಿ ಇಲ್ಲದ ಕೂಗು, ತೆಳ್ಳನೆಯದು, ಹತ್ತು ವರ್ಷದ ಮಗುವಿನದು. ಅದರ ಹಿಂದೆಯೇ, ಒಂದಿಷ್ಟೂ ತಡವಿಲ್ಲದೆ, ಥ್ಯಾಂಕ್ಯೂ ಸಾರ್. ಚಿತ್ರ ಓಡುತ್ತಿತ್ತು. ನಾನು ಐದನೆಯದನ್ನೂ ಹೊಡೆದೆ, ಆರನೆಯದನ್ನೂ ಹೊಡೆದೆ. ಹೊಡೆಯುವಾಗ ಮೈ ಹಗುರಾಯಿತು. ಅದನ್ನು ಇಲ್ಲಿ ಮುಚ್ಚಿಟ್ಟರೆ ಇದನ್ನು ಬರೆದೂ ಪ್ರಯೋಜನವಿಲ್ಲ.

ಜಯನಗರದವನು ಚಪ್ಪಾಳೆ ತಟ್ಟಿ, "ಸಖತ್ ಗುರು, ಏನ್ ಕೂಗ್ದೆ" ಅಂದ. ವಿಜಯಪುರದವನು ನಕ್ಕ. ಅಂಗಿಯ ಹಿಂಭಾಗದಲ್ಲಿ ಒಂದು ಕಡೆ ಗೆರೆ ಎಳೆದ ಹಾಗೆ ರಕ್ತ ಕಾಣಿಸಿತು. ಎಂಜಿನಿಯರ್ ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತಂದ. ಕ್ಷಮಿಸಿ ಅಂದೆ. ಇರಲಿ ಬಿಡ್ರಿ ಅಂದ. ಆ ಟೇಕನ್ನು ಸ್ಯಾಂಪಲ್ ಅಂತ ಕಂಪನಿಗೆ ಕಳಿಸಿದೆವು. ಮಾರನೆಯ ದಿನವೇ ಕಂಪನಿಯ ಹೆಣ್ಣುಮಗಳು ಫೋನ್ ಮಾಡಿ, ಆ ನಾಲ್ಕನೇ ಏಟಿನ ಕೂಗು ಅದ್ಭುತ, ಜಾಹೀರಾತಿಗೆ ಅದನ್ನೇ ಬಳಸುತ್ತೇವೆ ಅಂದಳು. ನಾನು ಉಬ್ಬಿಹೋದೆ.

ಹನ್ನೆರಡನೇ ದಿನ ನಗುವಿನ ರೆಕಾರ್ಡಿಂಗ್. ಹನುಮಂತನಗರದಲ್ಲಿ ನಮ್ಮ ಮನೆಯ ಹತ್ತಿರದ ಭಜನೆ ಹಾಲನ್ನು ಮಧ್ಯಾಹ್ನಕ್ಕೆ ಕೇಳಿ ಪಡೆದಿದ್ದೆ. ಭಜನೆಯ ಹೆಂಗಸರು, ಬೆಳಿಗ್ಗೆ ಗುಡ್ಡದ ಸುತ್ತ ವಾಕ್ ಮಾಡುವ ನಿವೃತ್ತರು, ಒಂದು ಪಿಜಿಯ ಹುಡುಗಿಯರು, ಎಲ್ಲ ಸೇರಿ ನಲವತ್ತು ಜನ. ಎಂಜಿನಿಯರ್ ಫ್ಯಾನಿನ ಕೊಕ್ಕೆಗಳಿಂದ ನಾಲ್ಕು ಮೈಕ್ ಇಳಿಬಿಟ್ಟ. ಜನ ಸಡಿಲವಾಗಲಿ ಅಂತ ಮೊದಲು ಒಂದು ಕಾಯಿ ಒಡೆದು, ಗೋಣಿಚೀಲಕ್ಕೆ ಬೆತ್ತ ಬೀಸಿ ಸದ್ದು ಹೇಗೆ ಹುಟ್ಟುತ್ತದೆ ಅಂತ ತೋರಿಸಿದ. ಆಮೇಲೆ ತೆರೆಯ ಮೇಲೆ ಒಂದೊಂದೇ ತುಣುಕು. ದನಿ ಕೊಟ್ಟ ಇಬ್ಬರೂ ಕೊನೆಯ ಸಾಲಿನಲ್ಲಿ ಕೂತಿದ್ದರು, ನಾನು ಗೋಡೆಗೆ ಒರಗಿ ನಿಂತಿದ್ದೆ.

ನಗು ಬಂತು, ಧಾರಾಳವಾಗಿ ಬಂತು, ಆದರೆ ಬರಬೇಕಾದಲ್ಲಿ ಬರಲಿಲ್ಲ. ಹೆಡ್‌ಮಾಸ್ಟರ ಮಾತಾಡಿದರೆ ಜನ ನಗುತ್ತಿರಲಿಲ್ಲ, ಗೌರವದಿಂದ ಕೇಳುತ್ತಿದ್ದರು. ಬಡ ಹುಡುಗ ಬಾಯಿ ತೆರೆದರೆ ಸಾಕು, ಹಾಲ್ ನಗುತ್ತಿತ್ತು. ಅವನು ಏಟು ತಿಂದರೆ ಇನ್ನೂ ಹೆಚ್ಚು. ಮೂಲದಲ್ಲಿ ಯಾರನ್ನು ಗೇಲಿ ಮಾಡಿದ್ದರೋ ಅವರು ನನ್ನ ಕನ್ನಡದಲ್ಲಿ ದೊಡ್ಡ ಮನುಷ್ಯರಾಗಿಬಿಟ್ಟಿದ್ದರು. ಮೂರನೇ ತುಣುಕಿಗೇ ನನಗೆ ಇದು ಹೊಳೆಯಿತು, ಆದರೂ ನಿಲ್ಲಿಸಲು ಧೈರ್ಯ ಸಾಲಲಿಲ್ಲ. ಏಳನೆಯದು ಬಂತು. ಒಂದು, ಎರಡು, ಮೂರು. ನಾಲ್ಕನೇ ಏಟಿನ ಕೂಗಿಗೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವಳ ಭುಜದ ಮೇಲೆ ಬಿದ್ದು ನಕ್ಕಳು.

ಜಯನಗರದವನು ಖುಷಿಯಿಂದ ವಿಜಯಪುರದವನ ಬೆನ್ನು ತಟ್ಟಿದ. ತಟ್ಟಿದ್ದು ಗಾಯದ ಮೇಲೆಯೇ. ಜೊತೆಗೆ ಅವನ ಕೂಗನ್ನು ಅಣಕಿಸಿ, "ಥ್ಯಾಂಕ್ಯೂರಿ ಸರ್ರಾ" ಅಂತ ರಾಗ ಎಳೆದ. ಹಾಳೆಯಲ್ಲಿ ಅಂಥ ಮಾತೇ ಇರಲಿಲ್ಲ.

ವಿಜಯಪುರದವನು ಎದ್ದವನೇ ಅವನ ಬಾಯಿಗೆ ಗುದ್ದಿದ. ಇಷ್ಟು ದಿನ ಕೇಳಿದ ಯಾವ ಸದ್ದೂ ಆ ಸದ್ದಿನಂತಿರಲಿಲ್ಲ. ಮಂದವಾಗಿತ್ತು, ಚಿಕ್ಕದಾಗಿತ್ತು. ಜಯನಗರದವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಬಿದ್ದವನು ಇವನ ಕಾಲು ಹಿಡಿದೆಳೆದ, ಇಬ್ಬರೂ ನೆಲದ ಮೇಲೆ. ಒಬ್ಬರ ಕೂದಲು ಒಬ್ಬರ ಮುಷ್ಟಿಯಲ್ಲಿ. ಒಂದು ಹಲ್ಲು ಮೊಸಾಯಿಕ್ ನೆಲದ ಮೇಲೆ ಉರುಳಿ ಹೋಗಿದ್ದನ್ನು ನಾನು ನೋಡಿದೆ. ವಿಜಯಪುರದವನು ಮೇಲೆ ಕೂತು ಮೊಣಕೈಯಿಂದ ಗುದ್ದುತ್ತಿದ್ದ, ಕೆಳಗಿನವನು ಸಿಕ್ಕಿದ ಕುರ್ಚಿಯ ಕಾಲಿನಿಂದ ಅವನ ಪಕ್ಕೆಗೆ ತಿವಿಯುತ್ತಿದ್ದ. ಹೆಂಗಸರು ಗೋಡೆಗೆ ಸರಿದರು. ನಾನು ನಡುವೆ ನುಗ್ಗಿದೆ, ಯಾರದೋ ಮೊಣಕೈ ತಗುಲಿ ಕನ್ನಡಕ ಒಡೆದು ಕೆನ್ನೆ ಹರಿಯಿತು. ಹಿಂದಕ್ಕೆ ಬಿದ್ದಾಗ ಗೋಡೆಗೆ ಒರಗಿಸಿದ್ದ ಗೋಣಿಚೀಲದ ಪಕ್ಕದಲ್ಲಿದ್ದ ಬೆತ್ತ ಕೈಗೆ ಸಿಕ್ಕಿತು.

ಅದನ್ನು ಎತ್ತಿ ಹಿಡಿದು ಹತ್ತೊಂಬತ್ತು ವರ್ಷ ಹಿಂದಿನ ಟೀಚರ್ ದನಿಯಲ್ಲಿ ಕೂಗಿದೆ. "ಕೈ ಚಾಚಿ. ಇಬ್ಬರೂ."

ಇಬ್ಬರ ಹೊಡೆದಾಟವೂ ತಟ್ಟನೆ ನಿಂತಿತು. ಆಮೇಲೆ ಆದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮಂಡಿಯ ಮೇಲಿದ್ದ ಇಬ್ಬರು ಗಂಡಸರು, ಬಾಯಲ್ಲಿ ರಕ್ತ ಸುರಿಯುತ್ತಿದ್ದವನು ಒಬ್ಬ, ಪಕ್ಕೆ ಹಿಡಿದುಕೊಂಡವನು ಒಬ್ಬ, ಬಲಗೈಯನ್ನು ಅಂಗೈ ಮೇಲೆ ಮಾಡಿ ನನ್ನ ಮುಂದೆ ಚಾಚಿದರು. ಜಯನಗರದವನು ಕಣ್ಣನ್ನೂ ಮುಚ್ಚಿಕೊಂಡಿದ್ದ. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಅದರ ಹಿಂದೆ ಇನ್ನೂ ಕೆಲವರು. ಮೇಲೆ ಮೈಕುಗಳು ತೂಗುತ್ತಿದ್ದವು, ಎಲ್ಲ ರೆಕಾರ್ಡ್ ಆಗುತ್ತಿತ್ತು. ನಾನು ಬೆತ್ತ ಇಳಿಸಿದೆ. ಇಬ್ಬರೂ ತಮ್ಮ ಕೈಯನ್ನು ತಾವೇ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡರು. ವಿಜಯಪುರದವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದ.

ಮಾರನೆಯ ದಿನ ಅವನ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಬಿಟಿಎಂಗೆ ಹೋದೆ. ಮೂರನೇ ಮಹಡಿಯ ರೂಮು. ಗೆಳೆಯನೊಬ್ಬ ಟೀ ಮಾಡಿಕೊಟ್ಟು ಹೊರಗೆ ಹೋದ. ಇವನು ಬಗ್ಗಲಾಗದೆ ಗೋಡೆಗೆ ದಿಂಬು ಇಟ್ಟುಕೊಂಡು ನೆಟ್ಟಗೆ ಕೂತಿದ್ದ. ಹಲ್ಲು ಹೋದವನು ಪೊಲೀಸಿಗೆ ಹೋಗುವುದಿಲ್ಲ ಅಂದಿದ್ದಾನೆ ಅಂತ ತಿಳಿಸಿದೆ. ಮೊದಲು ಹೊಡೆದದ್ದು ತಪ್ಪಾಯಿತು, ಅವನಿಗೆ ತಾನೇ ಹೇಳುತ್ತೇನೆ ಅಂದ. ನಾನು ಬರೆದ ಮಾತಿನ ಬಗ್ಗೆ ಕೇಳಿದೆ. ನೀವು ಬರೆದದ್ದು ನನ್ನ ಮಾತಲ್ಲ, ನಮ್ಮೂರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ಅದು ಸಿನಿಮಾದ ಮಾತು ಅಂದ. ಅದಾದರೂ ಇರಲಿ, ತನಗೆ ಒಂದೇ ಒಂದು ಬೇಕು ಅಂದ.

"ಆ ನಾಕನೇ ಏಟಿನ ಕೂಗು ತಗದ್ ಬಿಡ್ರಿ ಮೇಡಂ. ಅದು ಆ್ಯಕ್ಟಿಂಗ್ ಅಲ್ರಿ. ಅದಕ್ಕ ಮಂದಿ ನಗೂದು ಬ್ಯಾಡ."

ಕಂಪನಿಗೆ ಬೇಕಾಗಿದ್ದದ್ದು ಅದೊಂದೇ. ಅವನು ನಿಧಾನವಾಗಿ ಹೇಳಿದ. ಆರನೇ ಕ್ಲಾಸಿಗೆ ಅಪ್ಪ ಅವನನ್ನು ಜಿಲ್ಲಾ ಕೇಂದ್ರದ ಇಂಗ್ಲಿಷ್ ಶಾಲೆಗೆ ಹಾಕಿದ್ದರು.

"ನಮ್ಮ ಸಾಲ್ಯಾಗ ಕಟ್ಟಿಗಿದಲ್ರಿ, ರಟ್ಟಿನ ಹಲಗಿ ಇತ್ತು. ಒಂದು ವರ್ಷ ನನ್ನ ಕೊರಳಾಗs ಇತ್ತು. ಮತ್ತೊಬ್ಬರನ್ನ ಹಿಡದ್ ಕೊಡಾಕ ನನಗ ಆಗಲಿಲ್ಲ."

ಅಷ್ಟು ಕೇಳಿದ ಮೇಲೆ ನನ್ನ ಶಾಲೆಯ ಹಲಗೆಯ ಬಗ್ಗೆ, ಕೆಂಪು ದಾರದ ಬಗ್ಗೆ ಹೇಳಿದೆ. ಅರ್ಧ ಹೇಳಿ ನಿಲ್ಲಿಸಿದೆ. ಅವನು ಟೀ ಲೋಟ ಕೆಳಗಿಟ್ಟು ಕೇಳಿದ.

"ಸಂಜಿಗೆ ಹೊಡೀತಿದ್ದವರು ಯಾರ್ರಿ?"

"ನಾನು."

ಅವನು ನನ್ನ ಬಲಗೈಯನ್ನೊಮ್ಮೆ ನೋಡಿದ. ಕೂಗು ತೆಗೆಯುತ್ತೇನೆ ಅಂತ ಮಾತು ಕೊಟ್ಟು ಎದ್ದೆ.

ಕಂಪನಿಯವಳಿಗೆ ಫೋನ್ ಮಾಡಿದರೆ ಒಪ್ಪಲಿಲ್ಲ. ಆ ಕೂಗು ಇಲ್ಲದಿದ್ದರೆ ಅದರ ಸಮಕ್ಕೆ ಇನ್ನೊಂದು ಕೊಡಿ, ಇಲ್ಲವಾದರೆ ಹನ್ನೆರಡನ್ನೂ ಬೇರೆ ಸ್ಟುಡಿಯೋಗೆ ಕೊಡುತ್ತೇವೆ ಅಂದಳು. ಐದು ದಿನ ಉಳಿದಿತ್ತು. ಆ ರಾತ್ರಿಯೆಲ್ಲ ಯೋಚಿಸಿದೆ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಫೋನ್ ಇಟ್ಟ ಗಳಿಗೆಯಲ್ಲೇ ನಿರ್ಧಾರ ಆಗಿತ್ತು. ಬೆಳಿಗ್ಗೆ ವಿಜಯಪುರದವನನ್ನು ಸ್ಟುಡಿಯೋಗೆ ಕರೆಸಿದೆ. ಅವನ ಎದುರಿಗೇ ಎಂಜಿನಿಯರ್‌ಗೆ ಆ ಟೇಕ್ ಅಳಿಸಲು ಹೇಳಿದೆ. ಎಂಜಿನಿಯರ್ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಅಳಿಸಿದ, ಎರಡನೇ ಡಿಸ್ಕಿನಿಂದಲೂ ಅಳಿಸಿದ. ಕಂಪನಿಯ ಹತ್ತಿರ ಇದ್ದ ಸ್ಯಾಂಪಲ್ ಜಾಹೀರಾತಿಗೆ ಆಗುವಷ್ಟು ಗುಣಮಟ್ಟದ್ದಲ್ಲ ಅಂತ ಅವನೇ ಸಮಾಧಾನವನ್ನೂ ಹೇಳಿದ.

ಆಮೇಲೆ ಮೂರು ದಿನ ಎಲ್ಲ ಹೊಸದಾಗಿ ಬರೆದೆ. ಬಡ ಹುಡುಗನ ಮಾತನ್ನು ವಿಜಯಪುರದವನೇ ತಿದ್ದಿದ. ಅದು ಅವನ ಊರಿನದೇ ಮಾತು, ಆದರೆ ಕೋಡಂಗಿಯ ಮಾತಲ್ಲ. ಹೆಡ್‌ಮಾಸ್ಟರನ ಪುಸ್ತಕದ ಕನ್ನಡ ಕಿತ್ತುಹಾಕಿ, ಫೋರ್ತ್ ಬ್ಲಾಕ್‌ನ ಶಾಲೆಗಳ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳುವ ಮಾತು ಕೊಟ್ಟೆ. "ಸೀ, ನಮ್ ಸ್ಕೂಲಲ್ಲಿ ಒಂದ್ ಕಲ್ಚರ್ ಇದೆ, ಬೇಸಿಕಲಿ." ಜಯನಗರದವನು ಊದಿದ ತುಟಿಯಲ್ಲೇ ಓದಿದ. ಹಲ್ಲಿನ ಸಂದಿಯಿಂದ ಗಾಳಿ ಹೋಗಿ ಹೆಡ್‌ಮಾಸ್ಟರನಿಗೆ ಇನ್ನೂ ಕಳೆ ಬಂತು. ಅವರಿಬ್ಬರೂ ಹೆಚ್ಚು ಮಾತಾಡಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೇ ಪ್ಲೇಟಿನಿಂದ ಮೊಸರನ್ನ ತಿನ್ನುತ್ತಿದ್ದುದನ್ನು ನೋಡಿದೆ. ಒಬ್ಬನಿಗೆ ಅಗಿಯಲಾಗುತ್ತಿರಲಿಲ್ಲ, ಇನ್ನೊಬ್ಬನಿಗೆ ಕೈ ಎತ್ತಲಾಗುತ್ತಿರಲಿಲ್ಲ.

ಉಳಿದದ್ದು ನಾಲ್ಕನೇ ಏಟು. ವಿಜಯಪುರದವನು ಮತ್ತೆ ಮತ್ತೆ ಪ್ರಯತ್ನಿಸಿದ. ಮೂರರ ತನಕ ಸರಿಯಾಗಿ ಬರುತ್ತಿತ್ತು, ನಾಲ್ಕಕ್ಕೆ ಕೂಗೇ ಹೊರಡುತ್ತಿರಲಿಲ್ಲ. "ಬರವಲ್ದರಿ" ಅಂತ ಹೆಡ್‌ಫೋನ್ ತೆಗೆದಿಟ್ಟ. ಡಬ್ಬಿಂಗಿನಲ್ಲಿ ಹುಡುಗರ ದನಿಯನ್ನು ಹೆಂಗಸರೇ ಕೊಡುವುದು ಎಷ್ಟೋ ಸಲ ಇದೆ. ಈ ಕೂಗೊಂದನ್ನು ನಾನು ಕೊಡುತ್ತೇನೆ ಅಂದೆ. ನಾಲ್ಕು ಸಲ ಕೂಗಿದೆ. ನಾಟಕದ ಕೂಗು ಅಂತ ನನಗೇ ಗೊತ್ತಾಯಿತು. ಆಗ ಬೆತ್ತ ತೆಗೆದು ವಿಜಯಪುರದವನ ಕೈಗೆ ಕೊಟ್ಟು, ಮೈಕಿನ ಮುಂದೆ ಬಲಗೈ ಚಾಚಿದೆ.

ಎಂಜಿನಿಯರ್ ಬೇಡ ಮೇಡಂ ಅಂತ ಒಳಗೆ ಬಂದ. ಹೋಗಿ ನಿನ್ನ ಜಾಗದಲ್ಲಿ ಕೂರು ಅಂದೆ. ವಿಜಯಪುರದವನು ಬೆತ್ತವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಸಿಟ್ಟಿತ್ತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ.

"ಎಷ್ಟು ಜೋರ್ ರಿ?"

"ನಾನು ಹೊಡೆದಷ್ಟು."

ಚಿತ್ರ ಓಡತೊಡಗಿತು. ಮೊದಲ ಏಟು ಬಿತ್ತು. ಅಂಗೈ ಉರಿಯಿತು. ಅವನು ಮುಂದಿನದಕ್ಕೆ ಕೈ ಎತ್ತದೆ ಕಾಯುತ್ತ ನಿಂತ. ಯಾಕೆ ಅಂತ ಅರ್ಥವಾಯಿತು. ಥ್ಯಾಂಕ್ಯೂ ಸಾರ್ ಅಂದೆ. ಎರಡು. ಥ್ಯಾಂಕ್ಯೂ ಸಾರ್. ಮೂರು. ಅಷ್ಟರಲ್ಲಿ ನನಗೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನುವುದೊಂದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಹಾಗೆ ಎಳೆದುಕೊಂಡ ಮಕ್ಕಳಿಗೆ ನಾನು ಒಂದು ಏಟು ಜಾಸ್ತಿ ಹಾಕುತ್ತಿದ್ದೆ. ಎಳೆದುಕೊಳ್ಳಲಿಲ್ಲ. ನಾಲ್ಕನೆಯದಕ್ಕೆ ಅವನ ಮಣಿಕಟ್ಟು ತಿರುಗಿತು. ನನ್ನಿಂದ ಬಂದದ್ದು ನನ್ನ ದನಿಯೇ ಅಲ್ಲ. ಅದರ ಹಿಂದೆಯೇ, ನಾನು ಹೇಳಬೇಕು ಅಂದುಕೊಳ್ಳುವ ಮೊದಲೇ, ಥ್ಯಾಂಕ್ಯೂ ಸಾರ್ ಬಂತು. ಅವನು ಐದೂ ಆರೂ ಪೂರ್ತಿ ಮಾಡಿದ. ಗಾಜಿನಾಚೆ ಎಂಜಿನಿಯರ್ ಈ ಸಲ ಹೆಬ್ಬೆರಳು ಎತ್ತಲಿಲ್ಲ, ತಲೆ ಆಡಿಸಿದ ಅಷ್ಟೆ. ಕೂಗನ್ನು ಮಾತ್ರ ಉಳಿಸಿಕೊಂಡು ಸ್ವಲ್ಪ ಕೆಳಗಿನ ಶ್ರುತಿಗೆ ಇಳಿಸಿ ಕೂರಿಸಿದ. ಹುಡುಗನದೇ ದನಿ ಅನ್ನಿಸಿತು.

ಹದಿನೇಳನೇ ದಿನ ಮತ್ತೆ ಅದೇ ಹಾಲ್. ಜಗಳ ನೋಡಿದವರಲ್ಲಿ ಅರ್ಧ ಜನ ಮತ್ತೇನಾದರೂ ಆದೀತು ಅಂತಲೇ ಬಂದಿದ್ದರು. ಈ ಸಲ ಹೆಡ್‌ಮಾಸ್ಟರ ಬಾಯಿ ತೆರೆದ ಕೂಡಲೇ ನಗು ಎದ್ದಿತು. ಒಬ್ಬ ಹಿರಿಯರು, ಇವನು ನಮ್ಮ ಮೊಮ್ಮಗನ ಪ್ರಿನ್ಸಿಪಾಲ್ ಥರಾನೇ ಅಂತ ಗಟ್ಟಿಯಾಗಿ ಹೇಳಿದರು. ಬಡ ಹುಡುಗ ಮಾತಾಡುವಾಗ ಕೇಳಿಸಿಕೊಂಡರು. ಅಂದುಕೊಂಡದ್ದು ಆಗುತ್ತಿತ್ತು, ನನಗೆ ಸಮಾಧಾನವಾಗುತ್ತಿತ್ತು. ಕೈಗೆ ಕಟ್ಟಿದ್ದ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ವಿಜಯಪುರದವನು.

ಏಳನೆಯದು ಬಂತು. ಮೊದಲ ಮೂರು ಏಟಿಗೆ ಹಾಲ್ ಸದ್ದಿಲ್ಲದೆ ಇತ್ತು. ನಾಲ್ಕನೆಯದು ಬಿತ್ತು, ನನ್ನ ಕೂಗು ಬಂತು, ಜನ ನಕ್ಕರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ಮುಂದಿನ ಸಾಲಿನ ಅದೇ ಹೆಂಗಸು ಅದೇ ಭುಜದ ಮೇಲೆ ಬಿದ್ದು ನಕ್ಕಳು. ನನ್ನ ಕಿವಿ ಕಾದುಹೋಯಿತು. ಎದ್ದು ಹೋಗಿ ಆ ಹೆಂಗಸಿನ ಜುಟ್ಟು ಹಿಡಿಯಬೇಕು ಅನ್ನುವಷ್ಟು ಸಿಟ್ಟು ಬಂತು.

ಜನ ಹೋದ ಮೇಲೆ ಎಂಜಿನಿಯರ್ ಮೈಕ್ ಬಿಚ್ಚುತ್ತ ನನ್ನ ಹತ್ತಿರ ಬಂದ. ಆ ಜಾಗದ ನಗುವನ್ನು ಕತ್ತರಿಸಬಹುದು, ಬೇಕಾದರೆ ಕೂಗನ್ನೂ ಮೆತ್ತಗೆ ಮಾಡಬಹುದು, ಕಂಪನಿಗೆ ಏನಾದರೊಂದು ಹೇಳೋಣ ಅಂದ. ನನಗೆ ಹೂಂ ಅನ್ನಬೇಕು ಅನ್ನಿಸಿತು, ಬಾಯಿಗೂ ಬಂದಿತ್ತು. ವಿಜಯಪುರದವನ ಕಡೆ ತಿರುಗಿದೆ. ಅವನು ಬಗ್ಗಿ, ಕಷ್ಟಪಟ್ಟು, ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಇಡ್ರಿ ಮೇಡಂ" ಅಂದ. "ಆ ನಗಿನೂ ಇರಲಿ."

ಇಟ್ಟೆವು.